ಯುರೋಪಿನ ಎರಡು ಏರ್‌ಪೋರ್ಟ್ ನಡುವೆ ಎಷ್ಟು ದೂರ, ಎಷ್ಟು ಹೊತ್ತು? ದಾವಣಗೆರೆಯಲ್ಲೇ ಕೂತು ಲೆಕ್ಕ ಹಾಕುವುದು ಹೀಗೆ

ಮಗ ಜರ್ಮನಿಯಲ್ಲಿದ್ದಾನೆ, ಮಗಳು ಐರ್ಲೆಂಡಿನಲ್ಲಿ ಓದುತ್ತಿದ್ದಾಳೆ ಅನ್ನುವವರಿಗೆ ಈಗ ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯೂ ಕಡಿಮೆ ಇಲ್ಲ. ಅಪ್ಪ ಅಮ್ಮ ಒಮ್ಮೆ ಹೋಗಿ ನೋಡಿಕೊಂಡು ಬರೋಣ ಅಂತ ಹೊರಡುತ್ತಾರೆ. ಅಷ್ಟು ದೂರ ಹೋದ ಮೇಲೆ ಫ್ರಾಂಕ್‌ಫರ್ಟಿನಲ್ಲೇ ಸುಮ್ನೆ ಕೂರೋದಕ್ಕಾಗುತ್ತಾ, ಇನ್ನೆರಡು ಊರು ನೋಡೋಣ ಅನ್ನಿಸುತ್ತದೆ. ಆಗ ಬರುವ ಪ್ರಶ್ನೆ ಇದು: ಅಲ್ಲಿಂದ ಲಿಸ್ಬನ್‌ಗೆ ಎಷ್ಟು ದೂರ, ಎಷ್ಟು ಹೊತ್ತು? ಗೂಗಲ್ ಮಾಡಿದರೆ ಒಂದು ಕಡೆ ಎರಡೂವರೆ ಗಂಟೆ ಅಂತಿರುತ್ತದೆ, ಇನ್ನೊಂದು ಕಡೆ ಮೂರು. ಟಿಕೆಟ್ ಮೇಲೆ ನೋಡಿದರೆ ಎರಡೇ ಗಂಟೆ. ಇದರಲ್ಲಿ ಯಾವುದೂ ಸುಳ್ಳಲ್ಲ. ಹಾರುವ ದೂರ ಬೇರೆ, ಫ್ಲೈಟ್ ಒಳಗೆ ಕೂರುವ ಹೊತ್ತು ಬೇರೆ, ಟಿಕೆಟ್ ಮೇಲೆ ಕಾಣುವ ಗಡಿಯಾರ ಬೇರೆ, ಮನೆ ಬಾಗಿಲಿನಿಂದ ಹೋಟೆಲ್ ಬಾಗಿಲಿನ ತನಕ ಹಿಡಿಯುವ ಹೊತ್ತು ಇನ್ನೂ ಬೇರೆ. ಈ ನಾಲ್ಕನ್ನು ಒಂದಕ್ಕೊಂದು ಕಲಸಿಕೊಂಡರೆ ಮಾತ್ರ ಗೊಂದಲ.

ಫ್ರಾಂಕ್‌ಫರ್ಟ್‌ನಿಂದ ಲಿಸ್ಬನ್, ಇದನ್ನೇ ಉದಾಹರಣೆಗೆ ಇಟ್ಟುಕೊಂಡು ಹೋಗೋಣ. ನಿಮ್ಮದು ಬೇರೆ ಊರಾದರೂ ಲೆಕ್ಕ ಅದೇ.

ಮೊದಲು ಯಾವ ಏರ್‌ಪೋರ್ಟ್ ಅಂತ ನೋಡಿ

ಊರಿನ ಹೆಸರು ನಂಬಬೇಡಿ, ಮೂರಕ್ಷರದ ಕೋಡ್ ನೋಡಿ. ಫ್ರಾಂಕ್‌ಫರ್ಟಿನ ದೊಡ್ಡ ಏರ್‌ಪೋರ್ಟ್ ಎಫ್‌ಆರ್‌ಎ. 'ಫ್ರಾಂಕ್‌ಫರ್ಟ್ ಹಾನ್' ಅಂತ ಇನ್ನೊಂದಿದೆ, ಅದರ ಕೋಡ್ ಎಚ್‌ಎಚ್‌ಎನ್. ಹೆಸರಿನಲ್ಲಿ ಫ್ರಾಂಕ್‌ಫರ್ಟ್ ಇದೆ ಅಷ್ಟೆ, ಊರಿಂದ ಸುಮಾರು 120 ಕಿ.ಮೀ. ದೂರ. ಟಿಕೆಟ್ ಅಗ್ಗ ಸಿಕ್ಕಿತು ಅಂತ ಖುಷಿಪಟ್ಟು, ಆಮೇಲೆ ಬಸ್ಸಿಗೆ ದುಡ್ಡು, ಬಸ್ಸಿಗೆ ಟೈಮು ಎರಡೂ ಸುರಿಯಬೇಕಾಗುತ್ತದೆ. ಪ್ಯಾರಿಸ್‌ನದ್ದೂ ಇದೇ ಕಥೆ. ಚಾರ್ಲ್ಸ್ ಡಿ ಗಾಲ್, ಓರ್ಲಿ ಎರಡೂ ಊರಿಗೆ ಹತ್ತಿರ, ಬೋವೆ ಅನ್ನುವುದು 80 ಕಿ.ಮೀ. ಆಚೆ. ಮಿಲಾನ್‌ನಲ್ಲಿ ಲಿನಾಟೆ ಊರಿಗೆ ಅಂಟಿಕೊಂಡಿದೆ, ಮಾಲ್ಪೆನ್ಸಾ ಸುಮಾರು 50 ಕಿ.ಮೀ. ದೂರ. ಲಂಡನ್ ಹೆಸರು ಹಾಕಿಕೊಂಡವು ಆರಿವೆ: ಹೀಥ್ರೂ, ಗ್ಯಾಟ್ವಿಕ್, ಸ್ಟ್ಯಾನ್‌ಸ್ಟೆಡ್, ಲೂಟನ್, ಸಿಟಿ, ಸೌತೆಂಡ್. ಲಿಸ್ಬನ್ ಮಟ್ಟಿಗೆ ಈ ತಲೆನೋವಿಲ್ಲ. ಒಂದೇ ಏರ್‌ಪೋರ್ಟ್, ಕೋಡ್ ಎಲ್‌ಐಎಸ್. ಅದೂ ಊರೊಳಗೇ ಇದೆ, ಮೆಟ್ರೋ ನೇರವಾಗಿ ಹೋಗುತ್ತದೆ.

ದೂರ ಅಳೆಯುವುದು

ಸುಲಭದ ದಾರಿ ಫೋನಿನಲ್ಲೇ ಇದೆ. ಗೂಗಲ್ ಮ್ಯಾಪ್ ತೆರೆದು ಫ್ರಾಂಕ್‌ಫರ್ಟ್ ಏರ್‌ಪೋರ್ಟ್ ಹುಡುಕಿ. ರನ್‌ವೇ ಹತ್ತಿರ, ಯಾವ ಹೆಸರೂ ಬರೆದಿಲ್ಲದ ಖಾಲಿ ಜಾಗದಲ್ಲಿ ಬೆರಳು ಒತ್ತಿ ಹಿಡಿಯಿರಿ. ಕೆಂಪು ಪಿನ್ ಬೀಳುತ್ತದೆ. ಕೆಳಗೆ ಬರುವ ಪಟ್ಟಿಯನ್ನು ಮೇಲಕ್ಕೆ ಎಳೆದರೆ 'ಮೆಷರ್ ಡಿಸ್ಟೆನ್ಸ್' ಅಂತ ಇರುತ್ತದೆ, ಅದನ್ನು ಒತ್ತಿ. ಆಮೇಲೆ ಮ್ಯಾಪನ್ನು ಲಿಸ್ಬನ್ ಏರ್‌ಪೋರ್ಟ್ ತನಕ ಸರಿಸುತ್ತಾ ಹೋದರೆ ಕೆಳಗೆ ಕಿಲೋಮೀಟರ್ ಏರುತ್ತಾ ಬರುತ್ತದೆ. ಸುಮಾರು 1,874ಕ್ಕೆ ನಿಲ್ಲುತ್ತದೆ. ನಾಲ್ಕೈದು ಕಿ.ಮೀ. ಹೆಚ್ಚುಕಡಿಮೆ ಬಂದರೆ ನೀವು ಪಿನ್ ಹಾಕಿದ ಜಾಗದ ವ್ಯತ್ಯಾಸ, ತಲೆಕೆಡಿಸಿಕೊಳ್ಳಬೇಡಿ. ಕಂಪ್ಯೂಟರಿನಲ್ಲಾದರೆ ಮೌಸ್‌ನ ಬಲಗಡೆ ಬಟನ್ ಒತ್ತಿದರೆ ಅದೇ ಆಯ್ಕೆ ಸಿಗುತ್ತದೆ. 'ಗ್ರೇಟ್ ಸರ್ಕಲ್ ಮ್ಯಾಪರ್' ಅಂತ ಒಂದು ಹಳೆಯ ವೆಬ್‌ಸೈಟ್ ಇದೆ, ಅಲ್ಲಿ ಎರಡು ಕೋಡ್ ನಡುವೆ ಒಂದು ಅಡ್ಡಗೆರೆ ಹಾಕಿ ಕೊಟ್ಟರೆ ದೂರವನ್ನೂ ಗೆರೆಯನ್ನೂ ತೋರಿಸುತ್ತದೆ. ಅದು ಮೈಲಿಯಲ್ಲಿ ತೋರಿಸಿದರೆ ಗಾಬರಿ ಬೇಡ. ಸಾದಾ ಮೈಲಿಯಾದರೆ 1.609ರಿಂದ ಗುಣಿಸಿ, ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿಯಾದರೆ 1.852ರಿಂದ.

ಫೋನಿನಲ್ಲಿ 'ಡೈರೆಕ್ಷನ್ಸ್' ಒತ್ತಿ ಬರುವ ದೂರವನ್ನು ಮಾತ್ರ ಬರೆದುಕೊಳ್ಳಬೇಡಿ. ಅದು ಕಾರಿನ ದಾರಿ. ನಮ್ಮಲ್ಲೇ ನೋಡಿ, ದಾವಣಗೆರೆಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 245 ಕಿ.ಮೀ., ಹೈವೇಯಲ್ಲಿ 265ರ ಆಸುಪಾಸು, ರೈಲು ಬೀರೂರು, ಅರಸೀಕೆರೆ ಸುತ್ತಿಕೊಂಡು ಹೋಗುವುದರಿಂದ 300 ದಾಟುತ್ತದೆ. ಫ್ಲೈಟ್ ಲೆಕ್ಕಕ್ಕೆ ಬೇಕಾದದ್ದು ಆ ಮೊದಲನೆಯದು, ಭೂಮಿಯ ಗುಂಡಗಿನ ಮೇಲೆ ಎಳೆದ ಅತಿ ಚಿಕ್ಕ ಗೆರೆ.

ಕೈಯಾರೆ ಲೆಕ್ಕ ಮಾಡುವ ಹುಚ್ಚು ಇದ್ದವರಿಗೆ ಒಂದು ವಿಧಾನ ಹೇಳುತ್ತೇನೆ. ಬೇಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ, ಏನೂ ನಷ್ಟ ಇಲ್ಲ. ಪಿನ್ ಹಾಕಿದಾಗ ಮ್ಯಾಪ್‌ನಲ್ಲಿ ಎರಡು ಸಂಖ್ಯೆ ಕಾಣುತ್ತವೆ, ಅಕ್ಷಾಂಶ ಮತ್ತು ರೇಖಾಂಶ. ಫ್ರಾಂಕ್‌ಫರ್ಟಿಗೆ 50.03 ಮತ್ತು 8.57. ಲಿಸ್ಬನ್‌ಗೆ 38.77 ಮತ್ತು ಮೈನಸ್ 9.13. ಅಕ್ಷಾಂಶದ ವ್ಯತ್ಯಾಸ 11.26. ಒಂದು ಡಿಗ್ರಿಗೆ 111 ಕಿ.ಮೀ., ಹಾಗಾಗಿ ಉತ್ತರ ದಕ್ಷಿಣವಾಗಿ 1,250 ಕಿ.ಮೀ. ರೇಖಾಂಶದಲ್ಲಿ ಒಂದು ಪ್ಲಸ್, ಒಂದು ಮೈನಸ್ ಇದೆ, ಅಂದರೆ ಗ್ರೀನಿಚ್ ಗೆರೆಯ ಆಚೆ ಒಂದು ಊರು, ಈಚೆ ಒಂದು. ಅದಕ್ಕೇ ಕೂಡಿಸಬೇಕು: 17.70. ಇಲ್ಲಿ ಸುಮ್ನೆ 111ರಿಂದ ಗುಣಿಸಿದರೆ ಲೆಕ್ಕ ಕೆಡುತ್ತದೆ, ಯಾಕೆಂದರೆ ಧ್ರುವದ ಕಡೆ ಹೋದಂತೆ ರೇಖಾಂಶಗಳು ಹತ್ತಿರ ಹತ್ತಿರ ಬರುತ್ತವೆ. ದಾವಣಗೆರೆ ಇರುವ ಮಟ್ಟದಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ 107 ಕಿ.ಮೀ. ಚಿಲ್ಲರೆ ಇದ್ದರೆ, ಹೆಲ್ಸಿಂಕಿ ಹತ್ತಿರ ಅದು 55ಕ್ಕೆ ಇಳಿದಿರುತ್ತದೆ. ಹಾಗಾಗಿ ಎರಡೂ ಊರಿನ ನಡುವಿನ ಅಕ್ಷಾಂಶ 44.4 ತೆಗೆದುಕೊಂಡು ಅದರ ಕೊಸೈನ್ 0.714ರಿಂದಲೂ ಗುಣಿಸಿ. 17.70 ಗುಣಿಸು 111 ಗುಣಿಸು 0.714, ಸುಮಾರು 1,403. ಈಗ 1,250, 1,403 ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಿರಿ, ಹೈಸ್ಕೂಲಿನ ಪೈಥಾಗೊರಸ್ಸೇ. 1,879 ಬರುತ್ತದೆ. ನಿಜವಾದ ದೂರಕ್ಕೂ ಇದಕ್ಕೂ ಐದೇ ಕಿ.ಮೀ. ವ್ಯತ್ಯಾಸ! ಆದರೆ ಈ ಉಪಾಯ ಯುರೋಪಿನ ಒಳಗಷ್ಟೇ ನಡೆಯುತ್ತದೆ. ಬೆಂಗಳೂರು–ಫ್ರಾಂಕ್‌ಫರ್ಟ್‌ಗೆ ಇದನ್ನೇ ಹಾಕಿದರೆ 7,700 ಅನ್ನುತ್ತದೆ, ನಿಜವಾದ ದೂರ ಸುಮಾರು 7,400. ದೂರ ಹೆಚ್ಚಾದಷ್ಟೂ ಭೂಮಿಯ ಗುಂಡಗು ಲೆಕ್ಕ ಕೆಡಿಸುತ್ತದೆ.

ವಿಮಾನ ಅದೇ ಗೆರೆ ಮೇಲೆ ಹೋಗುತ್ತಾ?

ಪೂರ್ತಿ ಹೋಗುವುದಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಆ ಹೊತ್ತು ಯಾವ ರನ್‌ವೇ ಬಳಸುತ್ತಿದ್ದಾರೆ, ಎಲ್ಲಿ ಗುಡುಗು ಮೋಡ ಇದೆ ಅನ್ನುವುದರ ಮೇಲೆ ದಾರಿ ಸ್ವಲ್ಪ ವಾಲುತ್ತದೆ. ಫ್ರಾಂಕ್‌ಫರ್ಟ್–ಲಿಸ್ಬನ್‌ನಂಥ ದಾರಿಯಲ್ಲಿ ಇದು ದೊಡ್ಡ ವಿಷಯ ಅಲ್ಲ. ಆದರೆ ಪೂರ್ವ ಯುರೋಪಿನಲ್ಲಿ ದೊಡ್ಡದೇ. 2022ರ ಫೆಬ್ರವರಿಯಿಂದ ಉಕ್ರೇನಿನ ಆಕಾಶ ಪ್ರಯಾಣಿಕ ವಿಮಾನಗಳಿಗೆ ಮುಚ್ಚಿದೆ. ಬೆಲರೂಸ್ ಆಕಾಶವನ್ನು ಯುರೋಪಿಯನ್ ಒಕ್ಕೂಟದ ಕಂಪನಿಗಳು 2021ರಿಂದ ತಪ್ಪಿಸಿಕೊಂಡು ಹೋಗುತ್ತಿವೆ. ಲಿಥುವೇನಿಯಾದ ವಿಲ್ನಿಯಸ್‌ನಿಂದ ಇಸ್ತಾಂಬುಲ್‌ಗೆ ಮ್ಯಾಪ್‌ನಲ್ಲಿ ಗೆರೆ ಎಳೆದು ನೋಡಿ, ಅದು ಈ ಎರಡೂ ದೇಶದ ಮೇಲೇ ಹಾದುಹೋಗುತ್ತದೆ. ವಿಮಾನ ಪೋಲೆಂಡ್ ಕಡೆಯಿಂದ ಸುತ್ತಿ ಇಳಿಯಬೇಕು. ಅಂಥ ಕಡೆ ಗೆರೆಯ ದೂರ ನೋಡಿ ಹೊತ್ತು ಹೇಳಲು ಹೋಗಬೇಡಿ.

ಹೊತ್ತಿನ ಲೆಕ್ಕ

ಯುರೋಪಿನ ಒಳಗೆ ಹೆಚ್ಚಾಗಿ ಓಡುವುದು ಏರ್‌ಬಸ್ ಎ320, ಬೋಯಿಂಗ್ 737 ಜಾತಿಯ ವಿಮಾನಗಳು. ಮೇಲೆ ಹೋದ ಮೇಲೆ ಗಂಟೆಗೆ 830 ಕಿ.ಮೀ. ಆಸುಪಾಸಿನ ವೇಗ. ಆದರೆ ಗೇಟಿನಿಂದ ಹಿಂದಕ್ಕೆ ಸರಿಯುವುದು, ರನ್‌ವೇ ತನಕ ಉರುಳುವುದು, ಸರದಿಗೆ ಕಾಯುವುದು, ಏರುವುದು, ಇಳಿಯುವುದು, ಮತ್ತೆ ಗೇಟಿಗೆ ಬರುವುದು, ಇದೆಲ್ಲಾ ನಿಧಾನದ ಕೆಲಸ. ಹಾಗಾಗಿ ನನ್ನ ಸೂತ್ರ ಇಷ್ಟೆ: ದೂರವನ್ನು 800ರಿಂದ ಭಾಗಿಸಿ, 40 ನಿಮಿಷ ಸೇರಿಸಿ.

ಫ್ರಾಂಕ್‌ಫರ್ಟ್–ಲಿಸ್ಬನ್: 1,874 ಭಾಗಿಸು 800, ಎರಡು ಗಂಟೆ 20 ನಿಮಿಷ. 40 ಸೇರಿಸಿದರೆ ಮೂರು ಗಂಟೆ. ವೇಳಾಪಟ್ಟಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎರಡೂವರೆ ಗಂಟೆ ಅಂತ ತೋರಿಸುವ ಸೈಟುಗಳು ಆಕಾಶದಲ್ಲಿ ಇರುವ ಹೊತ್ತನ್ನಷ್ಟೇ ಹೇಳುತ್ತಿರುತ್ತವೆ. ಹೆಲ್ಸಿಂಕಿ–ಲಿಸ್ಬನ್ ಸುಮಾರು 3,360 ಕಿ.ಮೀ., ಸೂತ್ರಕ್ಕೆ ಹಾಕಿದರೆ ಐದು ಗಂಟೆಗೆ ಎಂಟು ನಿಮಿಷ ಕಡಿಮೆ. ಲಂಡನ್ ಹೀಥ್ರೂ–ಆಮ್‌ಸ್ಟರ್‌ಡ್ಯಾಂ ಬರೀ 370 ಕಿ.ಮೀ. ಸೂತ್ರ ಒಂದು ಗಂಟೆ ಎಂಟು ನಿಮಿಷ ಅನ್ನುತ್ತದೆ, ಕಂಪನಿಗಳು ಒಂದೂ ಕಾಲು ಗಂಟೆಯೋ ಸ್ವಲ್ಪ ಜಾಸ್ತಿಯೋ ಬರೆಯುತ್ತವೆ, ಯಾಕೆಂದರೆ ಎರಡೂ ಕಡೆ ರಶ್ ಜಾಸ್ತಿ. ತೀರಾ ಹತ್ತಿರದ ಊರುಗಳಿಗೆ ಈ ಸೂತ್ರ ಬಿಡಿ. ಸ್ಕಾಟ್ಲೆಂಡಿನ ಓರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಒಂದು ಫ್ಲೈಟ್ ಇದೆ, 2.7 ಕಿ.ಮೀ., ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಗಾಳಿ ಅನುಕೂಲ ಇದ್ದರೆ ಒಂದು ನಿಮಿಷದೊಳಗೇ ಇಳಿದಿರುತ್ತದೆ. ಬೆಲ್ಟ್ ಹಾಕಿ ತೆಗೆಯುವುದಕ್ಕೇ ಅಷ್ಟು ಹೊತ್ತು ಬೇಕಲ್ವಾ.

ಗಾಳಿಯ ಮಾತು ಬಂತು. ಯುರೋಪಿನ ಮೇಲೆ ಎತ್ತರದಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ಹಾಗಾಗಿ ಲಿಸ್ಬನ್ ಕಡೆ ಹೋಗುವಾಗ ಎದುರುಗಾಳಿ, ವಾಪಸ್ ಬರುವಾಗ ಹಿಂದಿನಿಂದ ತಳ್ಳುವ ಗಾಳಿ. ಹೋಗಿಬರುವ ಹೊತ್ತಿನಲ್ಲಿ ಹತ್ತು ಹದಿನೈದು ನಿಮಿಷ ವ್ಯತ್ಯಾಸ ಕಂಡರೆ ಕಾರಣ ಇದು.

ಟಿಕೆಟ್ ಮೇಲಿನ ಗಡಿಯಾರ

ಜನ ಹೆಚ್ಚು ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. ವಿದ್ಯಾನಗರದ ನಮ್ಮ ಮಾವ ಒಬ್ಬರು ಪಿ.ಬಿ. ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಟಿಕೆಟ್ ಪ್ರಿಂಟ್ ಹಾಕಿಸಿಕೊಂಡು ಬಂದರು. ಮೇ ತಿಂಗಳ ಟಿಕೆಟ್. ಹೋಗುವುದು ಫ್ರಾಂಕ್‌ಫರ್ಟ್ 09:30, ಲಿಸ್ಬನ್ 11:35. ಬರುವುದು ಲಿಸ್ಬನ್ 12:30, ಫ್ರಾಂಕ್‌ಫರ್ಟ್ 16:25. ಎರಡರ ಕೆಳಗೂ ಬಾಲ್ ಪೆನ್ನಿನಲ್ಲಿ ಗೆರೆ ಎಳೆದಿದ್ದರು.

"ಏನೋ ಇದು, ಹೋಗ್ತಾ ಎರಡು ತಾಸು, ಬರ್ತಾ ನಾಲ್ಕು ತಾಸು? ಬರೋ ಫ್ಲೈಟ್ ಎಲ್ಲೋ ನಿಲ್ಲಿಸಿಕೊಂಡು ಬರುತ್ತೇನೋ ನೋಡು."

"ಇಲ್ಲ ಮಾವ, ಎರಡೂ ಡೈರೆಕ್ಟೇ. ಲಿಸ್ಬನ್ ಗಡಿಯಾರ ಒಂದು ತಾಸು ಹಿಂದೆ ಇರುತ್ತೆ."

ಟಿಕೆಟ್ ಮೇಲೆ ಹೊರಡುವ ಟೈಮ್ ಹೊರಡುವ ಊರಿನದ್ದು, ತಲುಪುವ ಟೈಮ್ ತಲುಪುವ ಊರಿನದ್ದು. ನಾವು ಗುಜರಾತಿನಿಂದ ಅಸ್ಸಾಂ ತನಕ ಒಂದೇ ಟೈಮ್ ಇಟ್ಟುಕೊಂಡು ಬೆಳೆದವರು, ಇದು ತಕ್ಷಣ ತಲೆಗೆ ಹೋಗುವುದಿಲ್ಲ. ಇದಕ್ಕೆ ನನಗೆ ಅತ್ಯಂತ ಸರಳ ಅನ್ನಿಸಿದ ಉಪಾಯ, ಎರಡೂ ಟೈಮನ್ನು ನಮ್ಮ ಟೈಮಿಗೆ ತಂದುಬಿಡುವುದು. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಪೋರ್ಚುಗಲ್ ನಾಲ್ಕೂವರೆ ಗಂಟೆ ಹಿಂದೆ. ಮಾವನ ಫ್ಲೈಟ್ ಹೊರಡುವಾಗ ದಾವಣಗೆರೆಯಲ್ಲಿ ಮಧ್ಯಾಹ್ನ ಒಂದು ಗಂಟೆ. ಇಳಿಯುವಾಗ ಇಲ್ಲಿ ನಾಲ್ಕು ಗಂಟೆ ಐದು ನಿಮಿಷ. ಕಳೆದರೆ ಮೂರು ಗಂಟೆ ಐದು ನಿಮಿಷ. ವಾಪಸ್ ಬರುವಾಗ ಇದೇ ರೀತಿ ಮಾಡಿದರೆ ಎರಡು ಗಂಟೆ 55 ನಿಮಿಷ. ಮನೆಯಲ್ಲಿ ಕಾಯುವವರಿಗೂ ಇದೇ ಅನುಕೂಲ, ಎಷ್ಟು ಗಂಟೆಗೆ ಫೋನ್ ನಿರೀಕ್ಷಿಸಬಹುದು ಅಂತ ನೇರವಾಗಿ ಗೊತ್ತಾಗುತ್ತದೆ.

ಚಳಿಗಾಲದಲ್ಲಿ ಇದಕ್ಕೆ ಒಂದೊಂದು ಗಂಟೆ ಸೇರಿಸಿ: ಜರ್ಮನಿ ನಾಲ್ಕೂವರೆ, ಪೋರ್ಚುಗಲ್ ಐದೂವರೆ. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಿಡುತ್ತಾರೆ. ಯುರೋಪಿಯನ್ ಒಕ್ಕೂಟದ ದೇಶಗಳೂ ಬ್ರಿಟನ್ನೂ ಒಟ್ಟಿಗೇ ಬದಲಾಯಿಸುವುದರಿಂದ ಅವರವರ ನಡುವಿನ ವ್ಯತ್ಯಾಸ ವರ್ಷವಿಡೀ ಅಷ್ಟೇ ಇರುತ್ತದೆ, ನಮ್ಮ ಜೊತೆಗಿನದ್ದು ಮಾತ್ರ ಬದಲಾಗುತ್ತದೆ. ಐಸ್‌ಲ್ಯಾಂಡ್ ಮತ್ತು ಟರ್ಕಿ ಗಡಿಯಾರ ಮುಟ್ಟುವುದೇ ಇಲ್ಲ. ಸ್ಪೇನಿಗೆ ಹೋಗುವವರು ಇನ್ನೊಂದು ನೋಡಿ: ಮ್ಯಾಡ್ರಿಡ್, ಬಾರ್ಸಿಲೋನಾದಲ್ಲಿ ಜರ್ಮನಿಯದೇ ಟೈಮ್, ಆದರೆ ಸ್ಪೇನಿನದೇ ಆದ ಕ್ಯಾನರಿ ದ್ವೀಪಗಳಲ್ಲಿ ಒಂದು ಗಂಟೆ ಹಿಂದೆ. ಇನ್ನು ಆಮ್‌ಸ್ಟರ್‌ಡ್ಯಾಂನಿಂದ ಲಂಡನ್‌ಗೆ ಹತ್ತು ಗಂಟೆಗೆ ಹೊರಟರೆ ಹತ್ತೂ ಇಪ್ಪತ್ತಕ್ಕೆ ತಲುಪುತ್ತೀರಿ ಅಂತ ಟಿಕೆಟ್ ಹೇಳಬಹುದು. ಪ್ರಿಂಟಿಂಗ್ ಮಿಸ್ಟೇಕ್ ಅಂತ ಏಜೆಂಟ್ ಜೊತೆ ಜಗಳ ಆಡಬೇಡಿ.

ಬರೆದ ಹೊತ್ತಿಗೂ ನಿಜವಾಗಿ ಹಿಡಿಯುವ ಹೊತ್ತಿಗೂ ಎಷ್ಟು ತಾಳೆ ಅಂತ ನೋಡಬೇಕಾದರೆ ಫ್ಲೈಟ್‌ರಾಡಾರ್24 ಅನ್ನುವ ವೆಬ್‌ಸೈಟಿನಲ್ಲಿ ಫ್ಲೈಟ್ ನಂಬರ್ ಹಾಕಿ. ಹಿಂದಿನ ಕೆಲವು ದಿನ ಅದೇ ಫ್ಲೈಟ್ ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಇಳಿಯಿತು ಎಲ್ಲಾ ಸಿಗುತ್ತದೆ. ನನಗಂತೂ ಕಂಪನಿಯ ವೇಳಾಪಟ್ಟಿಗಿಂತ ಇದರ ಮೇಲೆ ನಂಬಿಕೆ ಜಾಸ್ತಿ.

ದೂರ ಗೊತ್ತಿದ್ದರೆ ದುಡ್ಡಿನ ಲಾಭವೂ ಉಂಟು

ಇಷ್ಟು ಕಷ್ಟಪಟ್ಟು ಕಿಲೋಮೀಟರ್ ಯಾಕೆ ಅಳೆಯಬೇಕು ಅನ್ನುವವರಿಗೆ ಇದು. ಯುರೋಪಿಯನ್ ಒಕ್ಕೂಟದಲ್ಲಿ 2004ರ 261ನೇ ನಿಯಮ ಅಂತ ಇದೆ. ಒಕ್ಕೂಟದ ಏರ್‌ಪೋರ್ಟಿನಿಂದ ಹೊರಡುವ ಯಾವ ಕಂಪನಿಯ ಫ್ಲೈಟಿಗೂ ಅದು ಅನ್ವಯ, ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದು ಲೆಕ್ಕಕ್ಕಿಲ್ಲ. ಕಂಪನಿಯದೇ ತಪ್ಪಿನಿಂದ ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದರೆ ಪರಿಹಾರ ಕೇಳಬಹುದು, ಮತ್ತು ಎಷ್ಟು ಅನ್ನುವುದು ದೂರದ ಮೇಲೆ ನಿಂತಿದೆ. 1,500 ಕಿ.ಮೀ. ತನಕ 250 ಯೂರೋ. ಒಕ್ಕೂಟದ ಒಳಗೇ 1,500 ದಾಟಿದರೆ 400 ಯೂರೋ. ಒಕ್ಕೂಟದ ಹೊರಗಿನ ದೂರದ ಪ್ರಯಾಣ, ಅಂದರೆ 3,500 ದಾಟಿದ್ದಾದರೆ 600ರ ತನಕ. ಈ ದೂರವನ್ನು ಅಳೆಯುವುದು ನಾವು ಮೇಲೆ ಅಳೆದ ಹಾಗೇ, ನೇರ ಗೆರೆಯಲ್ಲಿ, ಅಂತ ನಿಯಮದಲ್ಲೇ ಬರೆದಿದೆ. ಫ್ರಾಂಕ್‌ಫರ್ಟ್–ಲಿಸ್ಬನ್ 1,874, ಹಾಗಾಗಿ 400. ಫ್ರಾಂಕ್‌ಫರ್ಟ್–ಮ್ಯಾಡ್ರಿಡ್ ಸುಮಾರು 1,420, ಹಾಗಾಗಿ 250. ಮ್ಯಾಡ್ರಿಡ್‌ಗೆ ರಸ್ತೆಯ ದೂರ 1,500 ದಾಟುತ್ತದೆ, ಅದನ್ನು ಹಿಡಿದುಕೊಂಡು 400 ಕೇಳಿದರೆ ಕೊಡುವುದಿಲ್ಲ. ಒಂದೇ ಬುಕಿಂಗಿನಲ್ಲಿ ನಡುವೆ ಫ್ಲೈಟ್ ಬದಲಾಯಿಸುವುದಿದ್ದರೂ ಮೊದಲ ಊರಿನಿಂದ ಕೊನೆಯ ಊರಿಗೆ ನೇರ ಗೆರೆಯೇ ಲೆಕ್ಕ, ತುಂಡು ತುಂಡು ಕೂಡಿಸುವುದಿಲ್ಲ. ಹವಾಮಾನ ಕೆಟ್ಟು ತಡವಾದರೆ ಈ ದುಡ್ಡು ಸಿಗುವುದಿಲ್ಲ. ಆದರೆ ಕಾಯುವಾಗಿನ ಊಟ, ನೀರು ಆಗಲೂ ಕಂಪನಿಯೇ ಕೊಡಬೇಕು. ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ.

ಬಾಗಿಲಿನಿಂದ ಬಾಗಿಲಿಗೆ

ಮೂರು ಗಂಟೆಯ ಫ್ಲೈಟ್ ಅಂದರೆ ಮೂರು ಗಂಟೆಯ ಪ್ರಯಾಣ ಅಲ್ಲ. ಮಗನ ಮನೆಯಿಂದ ಏರ್‌ಪೋರ್ಟಿಗೆ ಮುಕ್ಕಾಲು ಗಂಟೆ, ಎರಡು ಗಂಟೆ ಮುಂಚೆ ಇರಬೇಕು, ಮೂರು ಗಂಟೆ ಹಾರಾಟ, ಲಗೇಜಿಗೆ ಅರ್ಧ ಗಂಟೆ, ಮೆಟ್ರೋ ಹಿಡಿದು ಹೋಟೆಲಿಗೆ ಇನ್ನರ್ಧ ಗಂಟೆ. ಆರೂ ಮುಕ್ಕಾಲು ಆಯಿತು. ಹಾಗಾಗಿ 500 ಕಿ.ಮೀ. ಒಳಗಿನ ಊರಾದರೆ ಮೊದಲು ರೈಲು ನೋಡಿ. ಫ್ರಾಂಕ್‌ಫರ್ಟ್–ಪ್ಯಾರಿಸ್ ರೈಲು ನಾಲ್ಕು ಗಂಟೆಯ ಆಸುಪಾಸಿನಲ್ಲಿ ಊರ ಮಧ್ಯಕ್ಕೇ ಇಳಿಸುತ್ತದೆ. ಫ್ಲೈಟ್ ಒಂದೂ ಕಾಲು ಗಂಟೆ ಅಂತ ಕಂಡರೂ ಒಟ್ಟು ಹೊತ್ತು ಉಳಿಯುವುದಿಲ್ಲ.

ಜರ್ಮನಿ, ಪೋರ್ಚುಗಲ್ ಎರಡೂ ಷೆಂಗೆನ್ ದೇಶಗಳು, ಅಂದರೆ ಒಂದೇ ವೀಸಾ ನಡೆಯುವ ಗುಂಪಿನವು, ನಡುವೆ ಇಮಿಗ್ರೇಷನ್ ಸಾಲು ಇರುವುದಿಲ್ಲ. ಲಂಡನ್, ಡಬ್ಲಿನ್ ಹಾಗಲ್ಲ. ಅವಕ್ಕೆ ಸಾಲಿನ ಹೊತ್ತೂ ಸೇರಿಸಬೇಕು, ವೀಸಾನೂ ಬೇರೆಯೇ ಬೇಕು. ಬೆಂಗಳೂರಿನಿಂದ ಬಂದು ಫ್ರಾಂಕ್‌ಫರ್ಟಿನಲ್ಲಿ ಲಿಸ್ಬನ್ ಫ್ಲೈಟಿಗೆ ಬದಲಾಯಿಸುವವರು ಅಲ್ಲೇ ಇಮಿಗ್ರೇಷನ್ ಮುಗಿಸಿ, ಸೆಕ್ಯುರಿಟಿಯನ್ನೂ ಇನ್ನೊಮ್ಮೆ ದಾಟಬೇಕು. ಒಂದೇ ಬುಕಿಂಗಿಗೆ 45 ನಿಮಿಷ ಅಂತರ ಇದ್ದರೂ ಟಿಕೆಟ್ ಮಾರುತ್ತಾರೆ. ಮೊದಲ ಸಲ ಹೋಗುವ ಅಪ್ಪ ಅಮ್ಮನಿಗೆ ಅದು ಆಗದ ಮಾತು, ಎರಡು ಗಂಟೆಗಿಂತ ಕಡಿಮೆ ಇಡಬೇಡಿ. ಬೇರೆ ಬೇರೆ ಟಿಕೆಟ್ ಆದರೆ ನಾಲ್ಕು ಗಂಟೆ ಬೇಕು, ಯಾಕೆಂದರೆ ಲಗೇಜ್ ತೆಗೆದು ಮತ್ತೆ ಕೊಡಬೇಕು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಕೇಳುವವರೂ ಇಲ್ಲ.

ಊರಿನ ಕಡೆಯ ಲೆಕ್ಕವನ್ನೂ ಇದಕ್ಕೆ ಜೋಡಿಸಿ. ದಾವಣಗೆರೆಯಿಂದ ಹೋಗುವವರು ಬೆಂಗಳೂರು ಊರೊಳಗೆ ಹೋಗುವ ಅಗತ್ಯ ಇಲ್ಲ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸಿಗುತ್ತದೆ. ಊಟಕ್ಕೆ ನಿಲ್ಲಿಸುವುದೂ ಸೇರಿ ಆರು ಗಂಟೆ ಇಟ್ಟುಕೊಳ್ಳಿ, ಇಂಟರ್‌ನ್ಯಾಷನಲ್ ಫ್ಲೈಟಿಗೆ ಮೂರು ಗಂಟೆ ಮುಂಚೆ ಅಲ್ಲಿರಬೇಕು. ತಾರೀಕು ಮಾತ್ರ ಎರಡು ಸಲ ಓದಿ. ಯುರೋಪಿಗೆ ಹೋಗುವ ಎಷ್ಟೋ ಫ್ಲೈಟ್‌ಗಳು ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಟಿಕೆಟ್ ಮೇಲೆ 12ನೇ ತಾರೀಕು 02:50 ಅಂತಿದ್ದರೆ ನೀವು ಊರು ಬಿಡಬೇಕಾದ್ದು 11ನೇ ತಾರೀಕು ಸಂಜೆ ಆರಕ್ಕೆ ಮುಂಚೆ. ಕಾರಿನವನಿಗೆ ಹೇಳುವಾಗಲೂ '12ನೇ ತಾರೀಕಿನ ಫ್ಲೈಟ್' ಅನ್ನಬೇಡಿ, '11ನೇ ತಾರೀಕು ಸಂಜೆ ಐದೂವರೆಗೆ ಮನೆ ಹತ್ರ ಬಾ' ಅಂತ ಹೇಳಿ.